ರೆಕ್ಕೆಬಂಡೆಯ ನೀರು

ನಾನು ಒಂದು ಸೋರೆಬುರುಡೆ. ಅದರಲ್ಲೂ ಕಹಿ ಸೋರೆಯ ಬುರುಡೆ. ಸಿಹಿಯಾಗಿದ್ದರೆ ನನಗೆ ಹೇಳಿಕೊಳ್ಳಲು ಕಥೆಯೇ ಇರುತ್ತಿರಲಿಲ್ಲ. ಎಳೆಯದರಲ್ಲೇ ಪಲ್ಯವಾಗಿ, ಜೋಳದ ರೊಟ್ಟಿಯ ಜೊತೆ ಮುಗಿದುಹೋಗುತ್ತಿದ್ದೆ.

ನಾನು ಹುಟ್ಟಿದ್ದು ಕೃಷ್ಣಾ ಹೊಳೆಯ ದಂಡೆಯಲ್ಲಿರುವ ರೆಕ್ಕಿಹಾಳ ಎಂಬ ಸಣ್ಣ ಊರಿನಲ್ಲಿ, ಅಂಬಿಗರ ಸಂಕವ್ವನ ಹಿತ್ತಲ ಗೋಡೆಯ ಮೇಲೆ. ಅಲ್ಲಿ ಸಿಹಿಯದೊಂದು, ಕಹಿಯದೊಂದು ಬಳ್ಳಿ ಹೆಣೆದುಕೊಂಡು ಬೆಳೆದಿದ್ದವು. ಯಾವ ಕಾಯಿ ಯಾವ ಬಳ್ಳಿಯದೆಂದು ಬಳ್ಳಿಗಳಿಗೇ ಗೊತ್ತಿರಲಿಲ್ಲವೇನೋ. ಸಂಕವ್ವ ಮುಂಜಾನೆ ಬಂದು ಒಂದೊಂದೇ ಕಾಯಿಯ ತಲೆ ಸವರಿ, ಉಗುರಿನಿಂದ ಚೂರು ಚಿವುಟಿ, ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ನನ್ನ ಸರದಿ ಬಂದಾಗ ಅವಳ ಮುಖ ಹಿಂಡಿದ ಬಟ್ಟೆಯ ಹಾಗಾಯಿತು.

"ಥೂ, ಬೇವು. ಇದು ಒಲೀದಲ್ಲ, ಹೊಳೀದು," ಎಂದಳು.

ಹೊಳೆ ಎಂದರೇನು ಎಂದು ನನಗಾಗ ತಿಳಿದಿರಲಿಲ್ಲ. ಗೋಡೆಯ ಆಚೆ ಯಾವಾಗಲೂ ಒಂದು ಉಸಿರು ಕೇಳುತ್ತಿತ್ತು. ದೊಡ್ಡ ಪ್ರಾಣಿಯೊಂದು ಮಲಗಿದೆ ಎಂದುಕೊಂಡಿದ್ದೆ.

ಎಲೆಗಳೆಲ್ಲ ಉದುರಿ ನನ್ನ ತೊಟ್ಟು ಒಣಗುವವರೆಗೆ ಸಂಕವ್ವ ನನ್ನನ್ನು ಮುಟ್ಟಲಿಲ್ಲ. ಆಮೇಲೆ ಕೊಯ್ದು ಒಲೆಯ ಮೇಲಿನ ಜಂತಿಗೆ ತೂಗುಹಾಕಿದಳು. ಹೊಗೆ ಕುಡಿದು ಕುಡಿದು ನನ್ನ ಸಿಪ್ಪೆ ಮರದ ಹಾಗೆ ಗಟ್ಟಿಯಾಯಿತು. ಬಳಿಕ ಕತ್ತಿನಲ್ಲಿ ಒಂದು ಬಾಯಿ ಕೊರೆದು, ನೀರು ತುಂಬಿ ಒಳಗಿನ ತಿರುಳನ್ನು ಕೊಳೆಸಿ, ಉಸುಕು ಹಾಕಿ ಗಡಗಡ ಅಲ್ಲಾಡಿಸಿ, ಬೀಜದ ಸಮೇತ ಎಲ್ಲವನ್ನೂ ಹೊರಗೆ ಸುರಿದಳು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಒಳಗೆ ಏನೂ ಉಳಿದಿರಲಿಲ್ಲ. ಅವಳು ಬೆರಳಿನಿಂದ ತಟ್ಟಿ ನೋಡಿ ನಕ್ಕಳು. ಆ ಏನೂ ಇಲ್ಲದ ಜಾಗವೇ ಅವಳಿಗೆ ಬೇಕಾಗಿದ್ದದ್ದು. ಕುಸುಬೆ ಎಣ್ಣೆ ತಿಕ್ಕಿ, ಬಾಯಿಗೆ ಬೆಂಡಿನ ಬಿರಡೆ ಕೆತ್ತಿ, ಪುಂಡಿ ನಾರಿನ ಬಲೆಯನ್ನು ನನ್ನ ಮೈತುಂಬ ಹೆಣೆಯತೊಡಗಿದಳು.

ಸಂಕವ್ವ ಕೈ ಆಡುವಷ್ಟು ಹೊತ್ತೂ ಕಥೆ ಹೇಳುವವಳು. ಕೇಳಲು ಯಾರೂ ಇಲ್ಲದಿದ್ದರೆ ಹೆಣೆಯುತ್ತಿರುವ ವಸ್ತುವಿಗೇ ಹೇಳುವಳು. ನನಗೆ ನಮ್ಮೂರಿನ ಕಥೆ ಹೇಳಿದಳು. ಸೀತಮ್ಮನನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಮುದಿ ಜಟಾಯು ಅಡ್ಡಗಟ್ಟಿದನಂತೆ. ರಾವಣ ಕತ್ತಿ ಬೀಸಿದನಂತೆ. ಹಕ್ಕಿ ಬಿದ್ದದ್ದು ತಮ್ಮ ಮಣ್ಣಿನಲ್ಲೇ ಎಂದು ಎಷ್ಟೋ ಊರಿನವರು ಜಗಳಾಡುತ್ತಾರಂತೆ. "ಆ ಜಗಳ ನಮಗ್ಯಾಕವ್ವ, ನಮಗೊಂದು ರೆಕ್ಕಿ ಸಾಕು," ಎಂದು ಸಂಕವ್ವ ನಾರು ಬಿಗಿದಳು. ಕಡಿದುಹೋದ ರೆಕ್ಕೆ ಒಣ ಎಲೆಯ ಹಾಗೆ ತಿರುಗುತ್ತ ತಿರುಗುತ್ತ ಬಂದು ನಮ್ಮ ಹೊಳೆಯ ನಡುವೆ ಇಳಿದು ಕಲ್ಲಾಯಿತಂತೆ. ಅದೇ ರೆಕ್ಕೆಬಂಡೆ. ಹೆತ್ತ ತಂದೆ ಸಾಯುವಾಗ ಬಳಿಯಲ್ಲಿರದ ರಾಮ, ತನಗೆ ಏನೂ ಆಗಬೇಕಾಗಿರದ ಆ ಹಕ್ಕಿಗೆ ಮಗನಾಗಿ ನಿಂತು ಎಳ್ಳುನೀರು ಬಿಟ್ಟನಂತೆ.

ಅದಕ್ಕೇ ರೆಕ್ಕಿಹಾಳದಲ್ಲಿ ಒಂದು ಪದ್ಧತಿ ಇದೆ. ಮಹಾಲಯ ಅಮಾವಾಸ್ಯೆಯ ದಿನ, ದಿಕ್ಕಿಲ್ಲದೆ ಸತ್ತವರಿಗೆ, ಹೆಣ ಸಿಗದೆ ಹೋದವರಿಗೆ ಊರೇ ನೀರು ಬಿಡುತ್ತದೆ. ಆ ನೀರು ರೆಕ್ಕೆಬಂಡೆಯ ಹಿಂದಿನ ಮಡುವಿನದೇ ಆಗಬೇಕು. ಹರಿಗೋಲು ಕೂಡದು, ದೋಣಿ ಕೂಡದು. ಒಬ್ಬರು ಖಾಲಿ ಸೋರೆಬುರುಡೆಯನ್ನು ಎದೆಗೆ ಕಟ್ಟಿಕೊಂಡು ಈಜಿ ಹೋಗಬೇಕು, ಅದನ್ನು ತುಂಬಿಕೊಂಡು ಈಜಿ ಬರಬೇಕು. ಹೋಗುವಾಗ ಬುರುಡೆ ಮನುಷ್ಯರನ್ನು ಹೊರುತ್ತದೆ, ಬರುವಾಗ ಮನುಷ್ಯರು ಬುರುಡೆಯನ್ನು ಎಳೆದು ತರಬೇಕು. ಹಾಗೆ ತಂದವರಿಗೆ ಒಂದು ಹಕ್ಕು ಸಿಗುತ್ತದೆ. ಹೊಳೆಗೆ ಇಳಿಯುವ ಘಟ್ಟದ ಕೊನೆಯ ಮೆಟ್ಟಿಲ ಮೇಲೆ ಮೊದಲ ಹೆಸರು ಅವರು ಹೇಳಿದ್ದು. ಉಳಿದ ಹೆಸರುಗಳಿಗೆ ಮನೆಯ ಹಿರಿಯರ ಒಪ್ಪಿಗೆ ಬೇಕು, ಈ ಒಂದನ್ನು ಬೇಡವೆನ್ನಲು ಹೆತ್ತವರಿಗೂ ಅಧಿಕಾರವಿಲ್ಲ. ಆ ಮೆಟ್ಟಿಲ ಮೇಲೆ ಒಮ್ಮೆ ಹೆಸರು ಬಂತೆಂದರೆ, ಆ ಮನುಷ್ಯ ಸತ್ತವರ ಸಾಲಿಗೆ ಸೇರಿದ. ಮತ್ತೆ ಯಾರೂ ಅವನ ದಾರಿ ಕಾಯುವುದಿಲ್ಲ.

ಮೊದಲ ಸಲ ನನ್ನನ್ನು ಹೊಳೆಗೆ ಒಯ್ದವನು ಸಂಕವ್ವನ ಒಬ್ಬನೇ ಮಗ ಭರಮಪ್ಪ. ಕಪ್ಪು ಕಲ್ಲಿನ ಮೆಟ್ಟಿಲುಗಳು ಮುಗಿದವು, ಆಮೇಲೆ ಬರೀ ನೀರು. ಗೋಡೆಯ ಆಚೆ ಮಲಗಿದ್ದ ಪ್ರಾಣಿ ಇದೇ ಎಂದು ತಿಳಿದಾಗ ನನ್ನ ಖಾಲಿ ಹೊಟ್ಟೆಯೂ ನಡುಗಿತು. ಆಕಾಶ ಅದರಲ್ಲಿ ಬಿದ್ದಿತ್ತು, ಆಚೆ ದಂಡೆಯ ಜಾಲಿಮರಗಳು ತಲೆಕೆಳಗಾಗಿ ನಿಂತಿದ್ದವು. ನಡುವೆ ರೆಕ್ಕೆಬಂಡೆ. ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ಮೇಲಕ್ಕೆ. ಮೈಯ ತುಂಬ ಗರಿಯ ಹಾಗೆ ಗೆರೆಗಳು. ಹೊಳೆ ಕೊರೆದದ್ದೋ, ಹಕ್ಕಿ ತಂದದ್ದೋ ನಾನು ಹೇಗೆ ಹೇಳಲಿ?

ಭರಮಪ್ಪನ ಎದೆಯ ಕೆಳಗೆ ನಾನು ಎಷ್ಟೋ ಸಲ ಹೊಳೆ ದಾಟಿದೆ. ಅವನ ಮುಖ ನನಗೆ ಕಾಣಿಸುತ್ತಿದ್ದದ್ದು ಕೆಳಗಿನಿಂದಲೇ, ಗದ್ದ, ಗದ್ದದಿಂದ ತೊಟ್ಟಿಕ್ಕುವ ನೀರು, ಅದರಾಚೆ ಸೂರ್ಯ. ಹರಿಗೋಲು ನಡೆಸುವುದು ಅವನ ಕಸುಬು. ಬಂಡೆ ನೋಡಲು ಬಂದವರನ್ನು ಸುತ್ತು ಹಾಕಿಸಿ ತರುತ್ತಿದ್ದ. ಅವನ ಹೆಂಡತಿ ಮಾಳವ್ವ ಎರೆನೆಲದ ಊರಿನವಳು. ತವರಿನಲ್ಲಿ ಬಾವಿಯ ನೀರನ್ನಷ್ಟೇ ಕಂಡಿದ್ದವಳು ಇಲ್ಲಿ ಎರಡನೆಯ ಮೆಟ್ಟಿಲು ದಾಟಿ ಇಳಿಯುತ್ತಿರಲಿಲ್ಲ. "ಹೊಳಿ ಸೊಸಿ ಆಗಿ ತಂಬಿಗ್ಯಾಗ ಜಳಕ ಮಾಡ್ತಾಳ," ಎಂದು ಭರಮಪ್ಪ ಅವಳನ್ನು ಕಾಡುತ್ತಿದ್ದ. ಹೊಳೆಗೆ ಬೇಲಿ ಹಾಕಿಸು, ಆಮೇಲೆ ಇಳಿಯುತ್ತೇನೆ ಎಂದು ಅವಳು ಅವನಿಗೆ ನೀರೆರಚುತ್ತಿದ್ದಳು.

ಶ್ರಾವಣದಲ್ಲಿ ಹೊಳೆ ಏರಿತು. ಕೆಂಪು ನೀರು ಮೆಟ್ಟಿಲುಗಳನ್ನೆಲ್ಲ ನುಂಗಿ ಊರ ಅಗಸೆಬಾಗಿಲ ತನಕ ಬಂತು. ಕೆಳಗಿನ ನಡುಗಡ್ಡೆಯಲ್ಲಿ ಸಿದರಾಯ ಎಂಬ ಕುರಿ ಕಾಯುವ ಮುದುಕ ಸಿಕ್ಕಿಬಿದ್ದಿದ್ದ. ಅವನ ಕುರಿಗಳು ಆಗಲೇ ಹೋಗಿದ್ದವು. ಅವನೊಬ್ಬ ಜಾಲಿಯ ಟೊಂಗೆ ಹಿಡಿದು ನಿಂತಿದ್ದ. ಆ ಸೆಳವಿನಲ್ಲಿ ಹರಿಗೋಲು ನಿಲ್ಲುತ್ತಿರಲಿಲ್ಲ. ಭರಮಪ್ಪ ನನ್ನನ್ನು ಕಟ್ಟಿಕೊಂಡು ಇಳಿದ. ನಡುಗಡ್ಡೆ ಮುಟ್ಟಿದ ಮೇಲೆ ನನ್ನನ್ನು ಬಿಚ್ಚಿ ಮುದುಕನ ಎದೆಗೆ ಕಟ್ಟಿದ. ತಾನು ಪಕ್ಕದಲ್ಲಿ, ಒಂದು ಕೈಯಲ್ಲಿ ನನ್ನ ಹಗ್ಗ ಹಿಡಿದು ಈಜಿದ.

ಅರ್ಧ ದಾರಿಯಲ್ಲಿ ಬೇರು ಸಮೇತ ಕಿತ್ತುಬಂದ ಮರವೊಂದು ಅವನ ಬೆನ್ನಿಗೆ ಬಡಿಯಿತು. ಅವನ ಭಾರವೆಲ್ಲ ಹಗ್ಗಕ್ಕೆ ಬಿತ್ತು. ಮುದುಕ ಮುಳುಗಿದ, ನಾನೂ ಮುಳುಗಿದೆ. ಒಬ್ಬರನ್ನು ತೇಲಿಸುವಷ್ಟೇ ಗಾಳಿ ನನ್ನೊಳಗೆ ಇತ್ತು. ಅದು ಭರಮಪ್ಪನಿಗೆ ಗೊತ್ತಿತ್ತು, ನನ್ನನ್ನು ಮಾಡಿದವಳ ಮಗನಲ್ಲವೇ.

"ಬುರುಡಿ ಬಿಡಬ್ಯಾಡ್ರಿ ಯಜಮಾನ್ರ," ಎಂದ. ತಾನು ಹಗ್ಗ ಬಿಟ್ಟ.

ಮುದುಕನ ಕಣ್ಣಿನಲ್ಲಿ ನೀರು ತುಂಬಿತ್ತು, ಅವನು ಏನನ್ನೂ ಕಾಣಲಿಲ್ಲ. ನಾನು ಕಂಡೆ. ಭರಮಪ್ಪನ ತಲೆ ಒಮ್ಮೆ ಮೇಲೆ ಬಂತು, ಊರಿನ ಕಡೆಗೆ ತಿರುಗಿತು, ಕೆಂಪು ನೀರು ಅದರ ಮೇಲೆ ಮುಚ್ಚಿಕೊಂಡಿತು. ಮತ್ತೆ ತೆರೆಯಲಿಲ್ಲ.

ಹೊಳೆ ನಮ್ಮಿಬ್ಬರನ್ನು ಬಹು ದೂರ ಒಯ್ದು ಆಚೆ ದಂಡೆಗೆ ಹಾಕಿತು. ಸಿದರಾಯ ನನ್ನನ್ನು ಬಿಡಲೇ ಇಲ್ಲ. ಅಣ್ಣತಮ್ಮಂದಿರ ಕುರಿಹಟ್ಟಿಗೆ ಒಯ್ದು, ಅವರ ದೇವರ ಪಕ್ಕದಲ್ಲಿ ಕಂಬಳಿಯ ಮೇಲೆ ಕೂರಿಸಿ, ಭಂಡಾರದ ಅರಿಸಿನ ಹಚ್ಚಿದ. ಹಟ್ಟಿ ಎಲ್ಲಿ ಹೋದರೂ ನಾನೂ ಹೋದೆ, ಸುಗ್ಗಿ ಮುಗಿದ ಎರೆಹೊಲಗಳಲ್ಲಿ, ಕುರಿಗಳ ಬಿಸಿ ಉಸಿರಿನ ನಡುವೆ. ಬಂದವರೆಲ್ಲ ನನಗೆ ಕೈಮುಗಿದರು. ದೇವರಾಗುವುದು ಬಲು ಬೇಸರದ ಕೆಲಸ. ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಕಡೆಗೆ ಸಿದರಾಯನಿಗೇ ತಡೆಯಲಾಗಲಿಲ್ಲ. ಹೊಳೆ ಇಳಿದು ದಾರಿ ಬಿಟ್ಟ ಮೇಲೆ ನನ್ನನ್ನು ಹೆಗಲಿಗೆ ಹಾಕಿಕೊಂಡು ರೆಕ್ಕಿಹಾಳಕ್ಕೆ ನಡೆದ.

ಸಂಕವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಮುದುಕ ನನ್ನನ್ನು ಅವಳ ಮುಂದಿಟ್ಟು, ನೆಲಕ್ಕೆ ಹಣೆ ಹಚ್ಚಿ, ನಡೆದದ್ದೆಲ್ಲ ಹೇಳಿದ. ಸಂಕವ್ವ ಅಳಲಿಲ್ಲ. ಅವಳು ಕೇಳಿದ್ದು ಒಂದೇ ಮಾತು.

"ಅಂವ ಮುಳುಗಿದ್ದು ನೀ ಕಂಡಿಯೇನು?"

"ಇಲ್ಲವ್ವ. ಸುಳ್ಳ್ಯಾಕ ಹೇಳ್ಲಿ, ಕಣ್ಣಾಗ ನೀರ ತುಂಬಿತ್ತು."

"ಕಂಡಿಲ್ಲಂದ್ರ ಆತು," ಎಂದಳು ಸಂಕವ್ವ. "ಅಂವ ಎಲ್ಲೋ ದಂಡಿ ಹತ್ಯಾನ. ಬರ್ತಾನ."

ಮುದುಕ ರೊಟ್ಟಿ ಉಂಡು ಹೋದ. ಬಾಗಿಲ ಹಿಂದೆ ನಿಂತಿದ್ದ ಮಾಳವ್ವ ಬಂದು ನನ್ನ ಮೈಮೇಲಿನ ಭಂಡಾರವನ್ನು ಸೆರಗಿನಿಂದ ಒರೆಸಿದಳು. ಒರೆಸುವಾಗ ಅವಳ ಕೈ ಹಗ್ಗದ ತುದಿಗೆ ಬಂದು ನಿಂತಿತು. ಅವನು ಇನ್ನಿಲ್ಲವೆಂದು ಅವಳಿಗೆ ತಿಳಿಯಿತು. ಹೇಗೆಂದು ಕೇಳಬೇಡಿ.

ಅಂದಿನಿಂದ ಆ ಮನೆಯಲ್ಲಿ ಒಬ್ಬನೇ ಮನುಷ್ಯ ಎರಡು ಥರ ಇದ್ದ. ಅತ್ತೆಗೆ ಜೀವಂತ, ಸೊಸೆಗೆ ಸತ್ತವ. ಸಂಕವ್ವ ಸೊಸೆಯ ಕೈಗೆ ಹಬ್ಬಕ್ಕೊಮ್ಮೆ ಹಸಿರು ಬಳೆ ತಾನೇ ಇಡಿಸುತ್ತಿದ್ದಳು. ಮಾಳವ್ವ ಕೈ ಚಾಚುತ್ತಿದ್ದಳು. ಅವಳನ್ನು ಕೊರೆಯುತ್ತಿದ್ದದ್ದು ಬೇರೆಯೇ ಚಿಂತೆ. ನಮ್ಮೂರಲ್ಲಿ ಒಂದು ನಂಬಿಕೆ ಇದೆ. ಹೊಳೆಯಲ್ಲಿ ಹೋದವನ ನೀರಡಿಕೆ ಎಲ್ಲರಿಗಿಂತ ದೊಡ್ಡದು. ಸುತ್ತ ನೀರೇ ಇದ್ದರೂ ಮನೆಯವರ ಕೈಯಿಂದ ಬಿಟ್ಟ ನೀರಲ್ಲ ಅದು, ಗಂಟಲಿಗೆ ಇಳಿಯುವುದಿಲ್ಲ. ಮಹಾಲಯ ಅಮಾವಾಸ್ಯೆಗಳು ಬಂದು ಹೋದವು. ಪ್ರತಿ ಸಲವೂ ಘಟ್ಟದ ಹಿರಿಯ ಜಕ್ಕಪ್ಪ ಕಾಕಾ, ಈ ವರ್ಷ ಭರಮನ ಹೆಸರು ಕೂಗಲೇ ಎಂದು ಮೆಲ್ಲಗೆ ಕೇಳುವನು. ಸಂಕವ್ವ ಅವನನ್ನು ಅಂಗಳದಿಂದಲೇ ಕಳಿಸುವಳು.

ಒಂದು ದಿನ ಮಾಳವ್ವ ನನ್ನನ್ನು ಗೂಟದಿಂದ ಇಳಿಸಿ ಅತ್ತೆಯ ಮುಂದೆ ನಿಂತಳು. ತನಗೆ ಈಜು ಕಲಿಸಬೇಕೆಂದಳು. ಸಂಕವ್ವ ಸೊಸೆಯ ಮುಖ ನೋಡಿದಳು. ಹೊಳೆ ಮಗನನ್ನು ಒಯ್ದಿದೆ, ಇವಳನ್ನಾದರೂ ಒಯ್ಯದಿರಲಿ ಎಂದುಕೊಂಡಳೋ ಏನೋ, ಸೀರೆಯ ಕಚ್ಚೆ ಬಿಗಿದು ತಾನೇ ಎದ್ದಳು.

ಅವರಿಬ್ಬರೂ ಜಾಲಿಗಿಡಗಳ ಹಿಂದಿನ ಹಿನ್ನೀರಿಗೆ ಇಳಿಯುತ್ತಿದ್ದರು. ಮಾಳವ್ವನ ಮೈ ಮೊದಮೊದಲು ಬಿಗಿದ ಹಲಗೆ. ನನ್ನನ್ನು ಅಪ್ಪಿಕೊಂಡರೆ ಬಿಡುತ್ತಿರಲಿಲ್ಲ, ನನ್ನ ಬಲೆಯ ಗುರುತು ಅವಳ ತೋಳಿನಲ್ಲಿ ಮೂಡುತ್ತಿತ್ತು. ಬಟ್ಟೆ ಒಗೆಯಲು ಬಂದ ಹೆಂಗಸರಿಗೆ ಅದೊಂದು ನಾಟಕ. "ಏ ಮಾಳವ್ವಾ, ಹೊಳಿ ಎಲ್ಲಾ ಕುಡದ ಬಿಟ್ರ ನಾವ್ ಅರಿವಿ ಎಲ್ಲಿ ಒಗೀಬೇಕವ್ವ?" ಎಂದು ಒಬ್ಬಳು ಕೂಗಿದರೆ, ಇವಳು ಮುಳುಗಿದರೆ ಬುರುಡೆಯನ್ನು ತನಗೆ ಕೊಡಿ, ಜೋಳ ಅಳೆಯಲಿಕ್ಕೆ ಆಗುತ್ತದೆ ಎಂದು ಇನ್ನೊಬ್ಬಳು. ಸಂಕವ್ವ ಅವರಿಗೆ ಹೊಳೆಯ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದಳು, ಅದನ್ನು ಇಲ್ಲಿ ಹೇಳುವುದು ಬೇಡ. ಬರಬರುತ್ತ ಸೊಸೆಯ ಮೈ ಸಡಿಲಾಯಿತು. ಒಂದು ಬೆಳಗ್ಗೆ ಅವಳು ನನ್ನನ್ನು ಬಿಟ್ಟು ತಾನೇ ತೇಲಿದಳು. ಆಗ ಸಂಕವ್ವ ನಕ್ಕದ್ದನ್ನು ಕೇಳಿದೆ. ಮಗ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಆ ವರ್ಷ ಜಕ್ಕಪ್ಪ ಕಾಕಾನ ಮೊಣಕಾಲು ಹಿಡಿದುಕೊಂಡಿತ್ತು. ಅಷ್ಟು ವರ್ಷ ನೀರು ತಂದವನು ಅವನೇ. ಈಗ ಯಾರು ಹೋಗುವವರು ಎಂಬ ಮಾತು ಊರಿನಲ್ಲಿ ಎದ್ದಿತು. ಹೊಳೆಗೆ ಸೇತುವೆ ಬಂದು ಹರಿಗೋಲು ನಿಂತ ಮೇಲೆ ಅಂಬಿಗರ ಹುಡುಗರಿಗೆ ಆ ಸೆಳವಿನ ರೂಢಿ ತಪ್ಪಿತ್ತು. ಅಮಾವಾಸ್ಯೆಯ ಹಿಂದಿನ ಸಂಜೆ ಮಾಳವ್ವ ನನ್ನ ಮೈಗೆ ಎಣ್ಣೆ ತಿಕ್ಕುತ್ತ, ತಾನು ಹೋಗುವುದಾಗಿ ಹೇಳಿದಳು.

ಸಂಕವ್ವನ ಕೈಯಲ್ಲಿನ ಮೊರ ನಿಂತಿತು. ಸೊಸೆ ಈಜು ಕಲಿತದ್ದು ಯಾಕೆಂದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ನೀರು ತಂದವಳು ಹೆಸರು ಹೇಳುತ್ತಾಳೆ. ಆ ಹೆಸರನ್ನು ಹೆತ್ತವಳೂ ತಡೆಯುವಂತಿಲ್ಲ.

"ನಾ ಈಜು ಕಲಿಸಿದ್ದು ನೀ ಬದುಕ್ಲಿ ಅಂತ," ಎಂದಳು. "ನನ್ನ ಮಗನ್ನ ಸಾಯಿಸ್ಲಿ ಅಂತಲ್ಲ."

ಮಾಳವ್ವ ತಲೆ ಎತ್ತಲಿಲ್ಲ. "ಅವರಿಗೆ ನೀರಡಿಕಿ ಆಗೇತ್ರೀ ಅತ್ತಿ."

ಸಂಕವ್ವ ಮೊರ ಬದಿಗಿಟ್ಟು ಒಳಗೆ ಹೋದಳು.

ಬೆಳಗ್ಗೆ ಘಟ್ಟದ ತುಂಬ ಜನ. ಯಾರ ಯಾರದೋ ಅಣ್ಣ, ಯಾರ ಯಾರದೋ ಮಗಳು, ಎಲ್ಲರೂ ಎಳ್ಳಿನ ಬಟ್ಟಲು ಹಿಡಿದು ತಮ್ಮವರ ಹೆಸರನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದರು. ಮಾಳವ್ವ ನನ್ನನ್ನು ಎದೆಗೆ ಕಟ್ಟಿಕೊಂಡು ಇಳಿದಾಗ ಗುಜುಗುಜು ಎದ್ದಿತು. ಹೆಂಗಸು ಹೋಗಬಹುದೇ ಎಂದು ಯಾರೋ ಕೇಳಿದರು. ಹೋಗಬಾರದೆಂದು ತನಗೆ ಯಾರೂ ಹೇಳಿಲ್ಲ, ಈವರೆಗೆ ಯಾರೂ ಹೋಗಿಲ್ಲ ಅಷ್ಟೇ ಎಂದ ಜಕ್ಕಪ್ಪ ಕಾಕಾ. ಸಂಕವ್ವ ಅಲ್ಲಿ ಕಾಣಲಿಲ್ಲ.

ಹೋಗುವುದು ನನ್ನ ಕೆಲಸ, ಹೊತ್ತೊಯ್ದೆ. ಬಂಡೆ ಹತ್ತಿರ ಬಂದಂತೆ ದೊಡ್ಡದಾಯಿತು, ಅರ್ಧ ಆಕಾಶವನ್ನು ಮುಚ್ಚಿತು. ಅದರ ಹಿಂದಕ್ಕೆ ತಿರುಗಿದೆವು. ಅಲ್ಲಿ ಹೊಳೆ ಹೊಳೆಯ ಹಾಗಿರಲಿಲ್ಲ. ಇಷ್ಟು ದೊಡ್ಡ ನೀರು ಅಲ್ಲಿಗೆ ಬಂದು ಸದ್ದು ಕಳೆದುಕೊಳ್ಳುತ್ತದೆ. ಕಪ್ಪು ಮಡು ತನ್ನಷ್ಟಕ್ಕೆ ನಿಧಾನ ಸುತ್ತುತ್ತಿತ್ತು. ಮೇಲೆ ಬಂಡೆಯ ಗರಿಗೆರೆಗಳು, ನೀರಿನ ಬೆಳಕು ಬಿದ್ದು ಒಂದೊಂದಾಗಿ ಅಲುಗುತ್ತಿದ್ದವು. ಅದು ಕಲ್ಲು ಎಂದು ನನಗೆ ಗೊತ್ತು. ಆದರೂ ಆ ಗಳಿಗೆಯಲ್ಲಿ ಅದು ಎದ್ದು ಹಾರಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಮಾಳವ್ವ ಬಂಡೆಯ ಅಂಚು ಹಿಡಿದು ನಿಂತಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಅವಳು ಸುತ್ತ ನೋಡಿ, ಮಡುವಿನ ಕಡೆ ಬಾಗಿ, "ಭರಮಪ್ಪಾ," ಎಂದಳು. ಬಂಡೆಯ ಹೊಟ್ಟೆಯೊಳಗಿನಿಂದ ಹೆಸರು ತಿರುಗಿ ಬಂತು. ಅವಳು ಬಿರಡೆ ಕಿತ್ತು ನನ್ನನ್ನು ಒಳಗೆ ಒತ್ತಿದಳು. ತಣ್ಣನೆಯ ನೀರು ನನ್ನೊಳಗೆ ಇಳಿಯಿತು. ಬದುಕಿನುದ್ದಕ್ಕೂ ಕಾದುಕೊಂಡಿದ್ದ ಗಾಳಿಯೆಲ್ಲ ಗುಳುಗುಳು ಎಂದು ಹೊರಟುಹೋಯಿತು.

ಬರುವಾಗ ನಾನು ಅವಳಿಗೆ ಬರೀ ಹೊರೆ. ಬಂಡೆಯ ಮರೆ ದಾಟಿದ್ದೇ ಸೆಳವು ಅವಳನ್ನು ಹಿಡಿಯಿತು. ಹಗ್ಗ ಅವಳ ಸೊಂಟದಲ್ಲಿತ್ತು, ನಾನು ಹಿಂದೆ ಜಗ್ಗುತ್ತಿದ್ದೆ. ಒಮ್ಮೆ ಮುಳುಗಿದಳು, ಎದ್ದಳು, ಮತ್ತೆ ಮುಳುಗಿದಳು. ಅವಳ ಕೈ ಹಗ್ಗದ ಗಂಟಿಗೆ ಹೋಯಿತು. ಬಿಚ್ಚಿಬಿಡು ತಾಯಿ ಎಂದು ನಾನು ಒಳಗೇ ಅಂದೆ. ಒಬ್ಬನನ್ನು ಹೀಗೆ ಕಳೆದುಕೊಂಡಿದ್ದೇನೆ, ಇನ್ನೊಬ್ಬರು ಬೇಡ.

ಆಗ ದಂಡೆಯಿಂದ ಒಂದು ದನಿ ಬಂತು.

"ಎದುರ ಬರಬ್ಯಾಡ ಮಾಳಿ. ಓರಿ ಬಾ. ಹೊಳಿ ಜೋಡಿ ಬಾ, ಕಾಲ ಬಡಿ."

ಸಂಕವ್ವ. ಕೊನೆಯ ಮೆಟ್ಟಿಲ ಮೇಲೆ, ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳು. ಯಾವಾಗ ಬಂದಳೋ. ಮಾಳವ್ವ ಸೆಳವಿನ ಎದುರು ಗುದ್ದಾಡುವುದನ್ನು ಬಿಟ್ಟು ಓರೆಯಾಗಿ ತಿರುಗಿದಳು. ಅತ್ತೆ ದಂಡೆಗುಂಟ ಕೂಗುತ್ತ ಕೆಳಕ್ಕೆ ನಡೆದಳು, ಸೊಸೆ ಆ ಕೂಗನ್ನೇ ಹಗ್ಗ ಮಾಡಿಕೊಂಡು ಬಂದಳು. ಘಟ್ಟದ ಕೆಳಗಿನ ತುದಿಯಲ್ಲಿ ಸಂಕವ್ವ ಅವಳ ತೋಳು ಹಿಡಿದು ಎಳೆದಳು. ಮಡುವಿನಲ್ಲಿ ಅವಳು ಮತ್ತೆ ಬಿಗಿದಿದ್ದ ಬಿರಡೆ ನನ್ನ ಬಾಯಲ್ಲಿ ಹಾಗೇ ಇತ್ತು.

ಜನ ದಾರಿ ಬಿಟ್ಟರು. ಮಾಳವ್ವ ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೊನೆಯ ಮೆಟ್ಟಿಲಿಗೆ ಬಂದಳು. ಜಕ್ಕಪ್ಪ ಕಾಕಾ ಎಳ್ಳು ಹಿಡಿದು, ಯಾರ ಹೆಸರು ತಂಗಿ ಎಂದು ಕೇಳಿದ. ಸಂಕವ್ವ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದಳು.

ಮಾಳವ್ವ ಬಾಯಿ ತೆರೆದಳು. ಹೇಳಲು ಅವಳಿಗೆ ಬರುತ್ತಿತ್ತು, ನಾನೇ ಕೇಳಿದ್ದೆನಲ್ಲ. ಆದರೆ ಅವಳು ಅತ್ತೆಯ ಬಳಿಗೆ ಹೋಗಿ ನನ್ನನ್ನು ಆ ಮುದಿ ಕೈಗಳಲ್ಲಿ ಇಟ್ಟಳು.

"ನೀವ ಹೇಳ್ರಿ ಅತ್ತಿ," ಎಂದಳು. "ಹೆಸರಿಟ್ಟವ್ರು ನೀವು. ನೀವ್ ಒಲ್ಲೆ ಅಂದ್ರ, ಯಾರೂ ಇಲ್ಲದವ್ರ ಹೆಸರೀಲೆ ಬಿಡ್ತೀನಿ. ನಿಮ್ಮ ಮಗಂದು ಎತ್ತಂಗಿಲ್ಲ."

ಸಂಕವ್ವ ನನ್ನನ್ನು ಹಿಡಿದು ನಿಂತಳು. ನಾನು ಮೇಲೆ ನೋಡಿದೆ. ಜನ ಕಾಯುತ್ತಿದ್ದರು, ಹೊಳೆ ಹರಿಯುತ್ತಿತ್ತು. ಆಮೇಲೆ ಅವಳು ಬಿರಡೆ ತೆಗೆದಳು. ನಮ್ಮ ಕಡೆ ಕೂಸಿಗೆ ಹೆಸರಿಡುವಾಗ ತೊಟ್ಟಿಲ ಮೇಲೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳುತ್ತಾರೆ, ಮೊದಲು ಕೂಸಿಗೆ, ಆಮೇಲೆ ಊರಿಗೆ. ಸಂಕವ್ವ ಹಾಗೆಯೇ ಬಗ್ಗಿದಳು. ನನ್ನ ಬಾಯಿಗೆ ತನ್ನ ತುಟಿ ತಂದು, ನೀರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಭರಮಾ. ಕುಡಿಯಪ್ಪ."

ಘಟ್ಟದಲ್ಲಿ ಆ ಹೆಸರು ಯಾರಿಗೂ ಕೇಳಲಿಲ್ಲ. ಕೂಗಬೇಕೆಂದು ಯಾರೂ ಹೇಳಲಿಲ್ಲ. ಜಕ್ಕಪ್ಪ ಕಾಕಾ ಎಳ್ಳು ಹಾಕಿದ. ಅತ್ತೆಯ ಕೈಯ ಕೆಳಗೆ ಸೊಸೆ ಕೈ ಕೊಟ್ಟಳು, ಇಬ್ಬರೂ ನನ್ನನ್ನು ಬಾಗಿಸಿದರು. ಮೊದಲ ಧಾರೆ ಅವನಿಗೆ. ಉಳಿದ ನೀರಿನ ಮೇಲೆ ಊರಿನವರು ತಮ್ಮ ತಮ್ಮ ಹೆಸರುಗಳನ್ನು ಒಂದೊಂದಾಗಿ ಕೂಗಿದರು.

ಈಗ ನನಗೆ ವಯಸ್ಸಾಗಿದೆ. ಬೆನ್ನಿನ ಮೇಲೊಂದು ಬಿರುಕು ಬಿದ್ದಿದೆ, ನೀರಿಗೆ ಇಳಿಯುವಂತಿಲ್ಲ. ಸಂಕವ್ವ ಹಾಸಿಗೆಯ ಮೇಲೆ, ಸೊಸೆಯ ಕೈಯಿಂದ ನೀರು ಕುಡಿದು, ಹಗಲಿನಲ್ಲೇ ಹೋದಳು. ಅಮಾವಾಸ್ಯೆಗೆ ಮಾಳವ್ವ ಬೇರೆ ಬುರುಡೆ ಕಟ್ಟಿಕೊಂಡು ಹೋಗುತ್ತಾಳೆ, ಊರಿನ ಹೆಣ್ಣುಮಕ್ಕಳು ಹಿನ್ನೀರಿನಲ್ಲಿ ಅವಳಿಂದ ಈಜು ಕಲಿಯುತ್ತಾರೆ. ನಾನು ಪಡಸಾಲೆಯ ಮೂಲೆಯಲ್ಲಿ, ಕಿಟಕಿಯಿಂದ ಬಂಡೆ ಕಾಣುವಲ್ಲಿ ಕುಳಿತಿದ್ದೇನೆ. ಆ ರೆಕ್ಕೆ ನಿಜವಾಗಿಯೂ ಇಲ್ಲೇ ಬಿದ್ದಿತೇ ಎಂದು ಬಂದ ಜನ ಮಾಳವ್ವನನ್ನು ಕೇಳುತ್ತಾರೆ. ಅವಳು ನಗುತ್ತಾಳೆ.

ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ನಾನು ಹಕ್ಕಿಯ ಮಾತು ಹೇಳುತ್ತಿರಲಿಲ್ಲ, ಅಂದಿನ ಮುಂಜಾನೆಯ ಒಂದು ಸಂಗತಿ ಹೇಳುತ್ತಿದ್ದೆ. ಸಂಕವ್ವ ನನ್ನನ್ನು ಹಿಡಿದು ನಿಂತಾಗ ನಾನು ಕತ್ತಿನವರೆಗೆ ತುಂಬಿದ್ದೆ, ಅವಳ ತೋಳುಗಳು ಜಗ್ಗುತ್ತಿದ್ದವು. ಅವಳು ಆ ಹೆಸರನ್ನು ನನ್ನೊಳಗೆ ಬಿಟ್ಟಳು. ಇನ್ನೂ ಒಂದು ಹನಿಯೂ ಚೆಲ್ಲಿರಲಿಲ್ಲ. ಆದರೆ ಅವಳ ಕೈಯಲ್ಲಿ ನಾನು ಹಗುರಾದೆ. ಅದು ಹೇಗೆ ಎಂದು ಈ ಮೂಲೆಯಲ್ಲಿ ಕುಳಿತು ಯೋಚಿಸುತ್ತಲೇ ಇದ್ದೇನೆ. ಇನ್ನೂ ತಿಳಿದಿಲ್ಲ.